ಬಂದ ಕೆಲಸ ಹೊಸ್ತಿಲಲ್ಲಿ

ಮೊನ್ನೆ ಸಂಜೆ ಮಂಜುನಾಥ ಎಂಬ ಹುಡುಗ ಕೊಟ್ಟೂರಿನ ನಮ್ಮ ಮನೆಗೆ ಬಂದಿದ್ದ. ಹುಡುಗ ಎಂದೆನೆಂದು ಆತ ಬೇಸರ ಮಾಡಿಕೊಳ್ಳಬಾರದು. ಹಗರಿಬೊಮ್ಮನಹಳ್ಳಿಯ ಕಾಲೇಜಿಗೆ ಹೊಸದಾಗಿ ಬಂದ ಉಪನ್ಯಾಸಕ ಆತ. ನಿವೃತ್ತನಾದವನ ಕಣ್ಣಿಗೆ ತಲೆಗೂದಲು ಕಪ್ಪಗಿರುವವರೆಲ್ಲ ಹುಡುಗರೇ. ಬಂದು ಕುಳಿತ. ನನ್ನ ಸಕ್ಕರೆ ಕಾಯಿಲೆ ವಿಚಾರಿಸಿದ. ಕೊಟ್ಟೂರಿನ ಬಿಸಿಲಿಗೂ ಬೊಮ್ಮನಹಳ್ಳಿಯ ಬಿಸಿಲಿಗೂ ಇರುವ ವ್ಯತ್ಯಾಸದ ಬಗ್ಗೆ ಬಹಳ ಹೊತ್ತು ಮಾತಾಡಿದ. ನಮ್ಮ ಮನೆಯವಳು ಕೊಟ್ಟ ಮಂಡಕ್ಕಿ ಒಗ್ಗರಣೆ ತಿಂದ, ಮಿರ್ಚಿಯ ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡ, ಚಹಾ ಕುಡಿದ. "ಬರ್ತೀನ್ರಿ ಸರ್" ಎಂದು ಎದ್ದ. ಬಾಗಿಲಲ್ಲಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಕಾಲಿನಿಂದಲೇ ತಡಕಾಡುತ್ತ, "ಅಂದಂಗ ಸರ್..." ಎಂದ.

ನಾನು ಒಳಗೊಳಗೇ ನಕ್ಕೆ. ಇದಕ್ಕೇ ಕಾಯುತ್ತಿದ್ದೆ.

"ನನ್ನ ಆ ಉನ್ನತ ಶಿಕ್ಷಣ ಮಾರ್ಗದರ್ಶನ ಸಮಿತಿಗೆ ಹಾಕ್ಯಾರ್ರಿ. ನೀವು ಅದ್ರಾಗ ಭಾಳ ವರ್ಷ ಇದ್ದಿರಂತ. ಏನ್ ಮಾಡಾದಿರ್ತೈತ್ರಿ ಅಲ್ಲಿ?"

ಬಸ್ಸಿಗೆ ಹೊತ್ತಾಗಿತ್ತು. ಬಾಗಿಲಲ್ಲಿ ನಿಂತು ಹೇಳಿ ಮುಗಿಸುವ ವಿಷಯವೂ ಅದಲ್ಲ. ಹಾಗಾಗಿ ಮಂಜುನಾಥನಿಗೂ ಆತನಂತೆ ಈ ಸಮಿತಿಗೆ ಸಿಕ್ಕಿಬೀಳುವ ಇತರರಿಗೂ ಇದನ್ನು ಬರೆಯುತ್ತಿದ್ದೇನೆ.

ನಾನು ಪ್ರಾಣಿಶಾಸ್ತ್ರದ ಮೇಷ್ಟ್ರು. ಕಪ್ಪೆ, ಜಿರಲೆ ಎಂದು ನನ್ನ ಪಾಡಿಗೆ ಇದ್ದವನನ್ನು ಕೊಟ್ಟೂರಿನಲ್ಲಿ ಆಗಿನ ಪ್ರಾಂಶುಪಾಲರು ಒಂದು ದಿನ ಕರೆದರು. "ನಿಮ್ಗ ಇಂಗ್ಲಿಷ್ ಬರ್ತೈತಿ, ಸಿಟ್ಟೂ ಬರ್ತೈತಿ. ಈ ಸಮಿತಿಗೆ ಎರಡೂ ಬೇಕ್ರಿ" ಎಂದರು. ಸಿಟ್ಟಿನ ಮಾತು ನಿಜ, ಅದು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಸಮಿತಿ ಎಂದರೆ ನಾನೊಬ್ಬ, ಬಾಗಿಲು ಸರಿಯಾಗಿ ಮುಚ್ಚದ ಒಂದು ಕಬ್ಬಿಣದ ಬೀರು. ಬಿ.ಎಸ್ಸಿ. ಮುಗಿಸಿ ಮುಂದೆ ಓದಲು ಹೊರಟ ಮಕ್ಕಳು ದೊಡ್ಡ ಊರಿನ ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರಿಗೆ ಮೊದಲೇ ಬರೆದು ಕೇಳಬೇಕು. ನಿಮ್ಮಲ್ಲಿ ಈ ವಿಷಯ ಕಲಿಸುತ್ತೀರಾ, ಈ ವರ್ಷ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತೀರಾ ಎಂದು. ಕೆಲವು ಸಂಶೋಧನಾ ಸಂಸ್ಥೆಗಳಲ್ಲಂತೂ ಒಬ್ಬ ಗುರು ಒಪ್ಪಿಕೊಳ್ಳುವ ತನಕ ಅರ್ಜಿ ಇದ್ದ ಜಾಗದಿಂದ ಅಲ್ಲಾಡುವುದಿಲ್ಲ. ಅಂಥ ಪತ್ರ ಬರೆಯಲು ಕಲಿಸುವುದೇ ನನ್ನ ಕೆಲಸ. ಕೇಳಲು ಸುಲಭ. ನಮ್ಮ ಕಡೆಯ ಮಕ್ಕಳ ಕೈಯಲ್ಲಿ ಅದೆಷ್ಟು ಕಷ್ಟ ಎಂಬುದನ್ನು ನನಗೆ ಮೊದಲು ತೋರಿಸಿಕೊಟ್ಟವನು ವಿರೂಪಾಕ್ಷ.

ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಬೇಕೆಂಬ ಹಂಬಲ ಅವನಿಗೆ. ಬಸ್ ನಿಲ್ದಾಣದ ಪಕ್ಕದ ಸೈಬರ್ ಅಂಗಡಿಯಲ್ಲಿ ಕುಳಿತು ಒಬ್ಬ ಪ್ರಾಧ್ಯಾಪಕರಿಗೆ ಇ-ಮೇಲ್ ಹಾಕಿದ. ಒಂದು ವಾರಕ್ಕೆ ಕಾಲೇಜಿನೊಳಗೆ ಓಡಿ ಬಂದ.

"ಸರ್, ಉತ್ತರ ಬಂತ್ರೀ!"

"ಏನಂದ್ರಪಾ? ಸೀಟು ಐತಂತ?"

"ಆರಾಮ ಅದಾರಂತ್ರಿ ಸರ್."

ತೆಗೆಸಿ ನೋಡಿದೆ. ಪೂಜ್ಯರ ಆರೋಗ್ಯ ವಿಚಾರಣೆಯಿಂದ ಪತ್ರ ಶುರುವಾಗಿತ್ತು. ಮನೆಯಲ್ಲಿ ಹಿರಿಯರು ಹೇಗಿದ್ದಾರೆ ಎಂದಿತ್ತು. ನಿಮ್ಮ ಕಡೆ ಮಳೆ ಹೇಗೆ, ನಮ್ಮ ಕಡೆ ಪರವಾಗಿಲ್ಲ ಎಂದಿತ್ತು. ಇಂತಿ ನಿಮ್ಮ ವಿಶ್ವಾಸಿ ವಿರೂಪಾಕ್ಷ. ಮುಗಿಯಿತು. ಎಂ.ಎಸ್ಸಿ. ಎಂಬ ಶಬ್ದವೇ ಇಲ್ಲ. ಆ ಪುಣ್ಯಾತ್ಮರು, "ನಾನು ಆರೋಗ್ಯ, ವಂದನೆಗಳು. ತಾವು ಯಾರು?" ಎಂದು ಬರೆದಿದ್ದರು.

ಯಾರು ಎಂದು ಕೇಳಿದ ಮೇಲೆ ಹೇಳಬೇಕಲ್ಲ. ವಿರೂಪಾಕ್ಷ ಎರಡನೆಯ ಪತ್ರದಲ್ಲಿ ತಂದೆ, ತಾತ, ಮುತ್ತಾತ, ಮನೆ ಯಾವ ಓಣಿ, ಬೀಗರು ಯಾವ ಊರು ಎಲ್ಲವನ್ನೂ ಬರೆದ. ಅವರೂ ಒಳ್ಳೆಯವರು, ಉತ್ತರ ಕೊಟ್ಟರು. ಹೀಗೇ ಹೋಗಿ ಬಂದು, ಅವರಿಗೆ ರಕ್ತದೊತ್ತಡ ಇದೆ, ಉಪ್ಪು ಬಿಟ್ಟಿದ್ದಾರೆ ಎಂಬ ತನಕ ಸಲಿಗೆ ಬೆಳೆಯಿತು. ಅಷ್ಟರಲ್ಲಿ ಪ್ರವೇಶದ ಕೊನೆಯ ದಿನ ಕಳೆದುಹೋಯಿತು.

"ಕೆಲಸ ಯಾವಾಗ ಹೇಳಾಂವ ಇದ್ದಿಲೇ?" ಎಂದು ನಾನು ಕಿರುಚಾಡಿದೆ.

"ಇನ್ನಾ ಎದ್ದು ಹೊಂಡೋ ಮಾತು ಬಂದಿದ್ದಿಲ್ಲಲ್ರಿ ಸರ್" ಎಂದ ಅವನು ಬಹಳ ಮುಗ್ಧವಾಗಿ.

ಅವನನ್ನು ಬೈದು ಪ್ರಯೋಜನವಿಲ್ಲ. ನಮ್ಮ ಸೀಮೆಯ ನಡವಳಿಕೆಯೇ ಅದು. ಯಾರದೋ ಮನೆಗೆ ಏಣಿ ಕೇಳಲು ಹೋದರೂ ಏಣಿಯ ಮಾತು ಮೊದಲು ಎತ್ತುವುದಿಲ್ಲ. "ಏನು ಬಂದ್ರಿ?" ಎಂದು ಅವರು ಕೇಳಿದರೆ, "ಏನಿಲ್ರಿ, ಸುಮ್ನ ಬಂದೆ" ಎನ್ನಬೇಕು. ಕೂರಬೇಕು, ಚಹಾ ಕುಡಿಯಬೇಕು. ಹೊರಟು ಹೊಸ್ತಿಲ ಹತ್ತಿರ ಬಂದಾಗ, ಈಗಷ್ಟೇ ನೆನಪಾದವರಂತೆ, "ಅಂದಂಗ, ಏಣಿ ಐತೇನ್ರಿ?" ಎನ್ನಬೇಕು. ನನ್ನ ಮದುವೆಯ ಮಾತೂ ಹಾಗೇ ಆದದ್ದು. ನಮ್ಮ ಹಿರಿಯರು ಮಾವನವರ ಮನೆಯಲ್ಲಿ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಅಂಗಳಕ್ಕೆ ಇಳಿಯುವಾಗ ಹೆಣ್ಣು ಕೇಳಿದ್ದರು. "ನಿಮ್ಮವ್ರಿಗೆ ನನ್ನ ನೆನಪಾಗಿದ್ದು ಬಾಗಿಲಾಗ" ಎಂದು ನಮ್ಮ ಮನೆಯವಳು ಈಗಲೂ ಕುಟುಕುತ್ತಾಳೆ.

ವಿರೂಪಾಕ್ಷ ಇವತ್ತು ಕೊಟ್ಟೂರಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡು ಸುಖವಾಗಿದ್ದಾನೆ. ಆ ಪ್ರಾಧ್ಯಾಪಕರಿಗೂ ಅವನಿಗೂ ಯುಗಾದಿಯ ಶುಭಾಶಯ ಇನ್ನೂ ನಡೆಯುತ್ತದೆ. ಆದರೆ ಅವತ್ತು ಸೀಟು ಕೈತಪ್ಪಿದ್ದಕ್ಕೆ ನನಗೆ ಸಿಟ್ಟು ಇಳಿದಿರಲಿಲ್ಲ. ಒಂದು ದೊಡ್ಡ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ "ಬಂದ ಕೆಲಸ ಮೊದಲ ಸಾಲಿನಲ್ಲಿ" ಎಂದು ಬರೆದು ಬೀರುವಿಗೆ ಅಂಟಿಸಿದೆ. ಮುಂದೆ ನಾನು ಯಾವ ಊರಿಗೆ ವರ್ಗವಾದರೂ ಆ ಹಾಳೆಯೂ ನನ್ನ ಜೊತೆ ವರ್ಗವಾಯಿತು.

ಹಾಳೆ ಅಂಟಿಸಿದರೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಹಡಗಲಿಗೆ ಹೋದ ಮೇಲೆ ಹೊಳಲಿನ ಒಬ್ಬ ವಿದ್ಯಾರ್ಥಿನಿ ಅದನ್ನು ಅಕ್ಷರಶಃ ಪಾಲಿಸಿದಳು. "ಸೀಟು ಬೇಕು. ಇಂತಿ." ಇಷ್ಟೇ ಪತ್ರ. ಹೆಸರೂ ಇಲ್ಲ. ಕೇಳಿದರೆ, "ಹೆಸರು ಹಾಕಿದ್ರ ಕೆಲಸ ಎರಡನೇ ಸಾಲಿಗೆ ಹೋಗ್ತಿತ್ರಿ" ಎಂದಳು. ಆ ಪ್ರಾಧ್ಯಾಪಕರು, "ನನಗೂ ಒಂದು ಸ್ವಂತ ಮನೆ ಬೇಕು" ಎಂದು ಉತ್ತರಿಸಿದ್ದರು.

ಹರಪನಹಳ್ಳಿಯದು ಬೇರೆಯೇ ಬಗೆ. ಅಲ್ಲಿ ಒಬ್ಬ, "ಜಗತ್ತಿನಲ್ಲಿ ತಮ್ಮೊಬ್ಬರ ಕೈಕೆಳಗೆ ಮಾತ್ರ ಕಲಿಯಬೇಕೆಂಬುದು ನನ್ನ ಜೀವನದ ಆಸೆ" ಎಂಬ ಪತ್ರವನ್ನು ಒಂದು ವಿಭಾಗದ ಅಷ್ಟೂ ಪ್ರಾಧ್ಯಾಪಕರಿಗೆ ಒಂದೇ ಸಲಕ್ಕೆ, ಎಲ್ಲರ ವಿಳಾಸ ಎಲ್ಲರಿಗೂ ಕಾಣುವಂತೆ ಕಳಿಸಿಬಿಟ್ಟ. ನಿವೃತ್ತರಾದವರನ್ನೂ ಬಿಟ್ಟಿರಲಿಲ್ಲ. ವೆಬ್‌ಸೈಟಿನಲ್ಲಿ ಹೆಸರು ತೆಗೆಯದೆ ಉಳಿಸಿದ್ದರಿಂದ, ಗೋಡೆಯ ಮೇಲೆ ಹಾರ ಹಾಕಿಸಿಕೊಂಡಿದ್ದ ಒಬ್ಬರಿಗೂ ಹೋಗಿತ್ತು. ನಾನು ತಲೆ ಚಚ್ಚಿಕೊಂಡೆ.

"ಒಬ್ರಿಗೆ ಕೊಟ್ಟು ಇನ್ನೊಬ್ರಿಗೆ ಬಿಟ್ರೆ ಬ್ಯಾಸ್ರ ಮಾಡ್ಕಂತಾರಲ್ಲ ಸಾರ್" ಎಂದ. ಲಗ್ನಪತ್ರಿಕೆ ಹಂಚುವ ಲೆಕ್ಕ ಅವನದು. ಓಣಿಯಲ್ಲಿ ಒಂದು ಮನೆ ಬಿಟ್ಟರೂ ಅವರು ಮುಂದೆ ನಿಮ್ಮ ಮನೆಯ ಕಡೆ ಮುಖ ಹಾಕುವುದಿಲ್ಲ. ಹಾಗಾಗಿ ಹಿರಿತನದ ಪ್ರಕಾರವೇ ಹೆಸರು ಜೋಡಿಸಿದ್ದ. ಅಷ್ಟು ಶಿಸ್ತು ಪರೀಕ್ಷೆಯಲ್ಲಿ ತೋರಿಸಿದ್ದರೆ ರ‍್ಯಾಂಕ್ ಬರುತ್ತಿತ್ತು.

ಮೇಲಧಿಕಾರಿಗಳ ಬಗ್ಗೆಯೂ ಒಂದು ಮಾತು. ಅಲ್ಲೇ ಒಬ್ಬ ಪ್ರಾಂಶುಪಾಲರಿದ್ದರು. ಇ-ಮೇಲ್ ಆದರೂ ಅವರ ಮೂಲಕವೇ ಹೋಗಬೇಕು ಎಂಬ ಹಟ. ವಿದ್ಯಾರ್ಥಿ ಬರೆದದ್ದನ್ನು ಪ್ರಿಂಟ್ ತೆಗೆಸುವುದು, ಅದರ ಮೇಲೆ ಅವರು "ಶಿಫಾರಸ್ಸು ಮಾಡಿದೆ" ಎಂದು ಹಸಿರು ಶಾಯಿಯಲ್ಲಿ ಬರೆಯುವುದು, ದುಂಡು ಮೊಹರು ಒತ್ತುವುದು, ಮತ್ತೆ ಸ್ಕ್ಯಾನ್ ಮಾಡಿ ಕಳಿಸುವುದು. ಮೊಹರು ಅಕ್ಷರಗಳ ಮೇಲೇ ಬೀಳುತ್ತಿದ್ದುದರಿಂದ ವಿದ್ಯಾರ್ಥಿಯ ಹೆಸರು ಓದಲು ಬರುತ್ತಿರಲಿಲ್ಲ. ಅವರು ರಜೆಯ ಮೇಲಿದ್ದಾಗ ಜ್ಞಾನದ ವ್ಯವಹಾರವೇ ಬಂದ್.

ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು. ಮಕ್ಕಳು ಪ್ರಾಧ್ಯಾಪಕರ ನಂಬರ್ ಹುಡುಕಿ ತೆಗೆದು, ಬೆಳಗಾಗುತ್ತಲೇ ಗುಲಾಬಿ ಹೂವು ಇರುವ ಶುಭೋದಯದ ಚಿತ್ರ ಕಳಿಸತೊಡಗಿದರು. ಕೆಲಸದ ಮಾತು ಮಾತ್ರ ಇಲ್ಲ. ಈಗಿನದು ಇನ್ನೂ ತಮಾಷೆ. ಪತ್ರವನ್ನು ಕಂಪ್ಯೂಟರೇ ಬರೆದುಕೊಡುತ್ತದಂತೆ. ಬೊಮ್ಮನಹಳ್ಳಿಯ ಒಬ್ಬ, ಕಡಲ ಜೀವಶಾಸ್ತ್ರದ ಪ್ರಾಧ್ಯಾಪಕರಿಗೆ ಹಾಗೆ ಬರೆಸಿ ನನಗೆ ತೋರಿಸಲು ತಂದಿದ್ದ. "ಬಾಲ್ಯದಿಂದಲೂ ಅಲೆಗಳ ಸದ್ದು ಕೇಳುತ್ತ ಬೆಳೆದ ನನಗೆ" ಎಂದು ಶುರುವಾಗಿತ್ತು. ಆ ಪುಣ್ಯಾತ್ಮ ನೋಡಿದ್ದ ಅತಿ ದೊಡ್ಡ ನೀರೆಂದರೆ ತುಂಗಭದ್ರೆಯ ಹಿನ್ನೀರು. "ಇದನ್ನ ಬರದಾಂವ ಬಂದ್ರ ಅವನ್ನ ಸೇರಿಸ್ಕೊಳ್ತಾರ, ನಿನ್ನಲ್ಲ" ಎಂದೆ.

ಇನ್ನು ರೇಣುಕಾಳ ವಿಷಯ. ನನ್ನ ವೃತ್ತಿಯಲ್ಲಿ ಇದೊಂದನ್ನು ಹೇಳದಿದ್ದರೆ ಉಳಿದದ್ದೆಲ್ಲ ಹೇಳಿಯೂ ಉಪಯೋಗವಿಲ್ಲ.

ನಿವೃತ್ತಿಗೆ ಮುಂಚಿನ ಕೆಲವು ವರ್ಷ ಕೊಟ್ಟೂರಿನ ಮನೆಯಿಂದಲೇ ಕೂಡ್ಲಿಗಿಯ ಕಾಲೇಜಿಗೆ ಓಡಾಡುತ್ತಿದ್ದೆ. ರೇಣುಕಾ ಹೊಸಹಳ್ಳಿ ಕಡೆಯ ಹುಡುಗಿ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡಿದ್ದರಿಂದ ಸಾಕಿದವರು ಅಜ್ಜಿ ಹುಲಿಗೆವ್ವ ಮತ್ತು ಸೋದರಮಾವ ಕೊಟ್ರೇಶ. ಅವರ ಹೊಲದ ಹಿಂದೆಯೇ ಬಂಡೆಗಲ್ಲಿನ ಗುಡ್ಡ, ಗುಡ್ಡದಲ್ಲಿ ಕರಡಿ. ಶೇಂಗಾ ಬಲಿತಾಗ ಅವು ಹೊಲಕ್ಕೆ ಇಳಿಯುತ್ತವೆ. ಮನೆಯವರೆಲ್ಲ ಕರಡಿ ಓಡಿಸುವ ಯೋಚನೆಯಲ್ಲಿದ್ದರೆ, ಈಕೆಗೆ ಅವು ವರ್ಷವಿಡೀ ಏನು ತಿಂದು ಬದುಕುತ್ತವೆ ಎಂಬ ಯೋಚನೆ. ಪದವಿಯ ಕೊನೆಯ ವರ್ಷದ ಪ್ರಾಜೆಕ್ಟಿಗೆ ಗುಡ್ಡ ಸುತ್ತಿ ಕರಡಿಯ ಮಲ ಹುಡುಕಿ, ಒಣಗಿಸಿ, ಜರಡಿ ಹಿಡಿದು, ಯಾವ ಹಣ್ಣಿನ ಬೀಜ, ಯಾವ ಹುಳ ಎಂದು ಬೇರ್ಪಡಿಸಿದ್ದಳು. ಜರಡಿ ಅಜ್ಜಿಯದು. ಹೊಸ ಜರಡಿ ತರುವ ತನಕ ಮನೆಯಲ್ಲಿ ರೊಟ್ಟಿಯೇ ಇಲ್ಲ ಎಂದು ಹುಲಿಗೆವ್ವ ಸತ್ಯಾಗ್ರಹ ಹೂಡಿದ್ದಳಂತೆ.

ಕರಡಿಯ ಮೇಲೆ ಕೆಲಸ ಮಾಡುವ ಪ್ರಾಧ್ಯಾಪಕಿಯೊಬ್ಬರು ದೂರದ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದರು. ಮೈಸೂರು ಸೀಮೆಯವರು. ಆ ವರ್ಷ ಅವರು ತೆಗೆದುಕೊಳ್ಳುವುದು ಒಬ್ಬರನ್ನೇ. ಅವರು ಒಪ್ಪಿದರೆ ರೇಣುಕಾಗೆ ಅರ್ಜಿ, ವಿದ್ಯಾರ್ಥಿವೇತನ, ಹಾಸ್ಟೆಲ್ ಎಲ್ಲ. ಒಪ್ಪದಿದ್ದರೆ ಏನೂ ಇಲ್ಲ.

"ಆಗ್ಲಿಲ್ಲಂದ್ರ ಬಿ.ಎಡ್. ಮಾಡ್ತೀನ್ರಿ ಸರ್" ಎಂದಳು. ಹೇಳುವಾಗ ಮುಖ ಸಣ್ಣದಾಗಿತ್ತು. ಆ ಮುಖ ನೋಡಿ ನನಗೆ ನಿಜವಾಗಿ ಸಂಕಟವಾಯಿತು. ಇಷ್ಟು ವರ್ಷ ಕಲಿಸಿದ್ದರಲ್ಲಿ, ನಾನು ಹೇಳದೆಯೇ ಒಂದು ಪ್ರಶ್ನೆಯ ಹಿಂದೆ ಬಿದ್ದವಳು ಇವಳೊಬ್ಬಳೇ.

ಪತ್ರವನ್ನು ಇಬ್ಬರೂ ಕುಳಿತು ತಿದ್ದಿದೆವು. ಮೊದಲ ಸಾಲಿನಲ್ಲಿ ಬಂದ ಕೆಲಸ. ಎರಡನೆಯದರಲ್ಲಿ ತಾನು ಯಾರು. ಆಮೇಲೆ ಮಾಡಿದ ಕೆಲಸ, ಒಂದು ಪ್ರಶ್ನೆ, ನಮಸ್ಕಾರ. ಮಾಡಿದ ಕೆಲಸಕ್ಕೆ ಸಾಕ್ಷಿ ಇರಲಿ ಎಂದಿದ್ದೆ, ಈಕೆ ಮಲದ ಫೋಟೊಗಳನ್ನೆಲ್ಲ ಲಗತ್ತಿಸಿಬಿಟ್ಟಳು. ಭಾರ ಜಾಸ್ತಿಯಾಗಿ ಮೇಲ್ ವಾಪಸ್ ಬಂತು. ಸುದ್ದಿ ಕೇಳಿ ಕೊಟ್ರೇಶ, "ಕರಡಿ ಹೇಲು ಯಾರು ಇಸ್ಕೊಳ್ತಾರಲೇ ರೇಣಿ?" ಎಂದು ನಕ್ಕನಂತೆ. ಒಂದೇ ಫೋಟೊ ಇಟ್ಟು ಮತ್ತೆ ಕಳಿಸಿದೆವು. ಉತ್ತರವಿಲ್ಲ. ಸ್ವಲ್ಪ ದಿನ ಬಿಟ್ಟು ನೆನಪೋಲೆ ಹಾಕಿದೆವು. ಅದಕ್ಕೂ ಇಲ್ಲ. ಅರ್ಜಿಯ ಕೊನೆಯ ದಿನ ಹತ್ತಿರ ಬರುತ್ತಿತ್ತು.

ಆಗ ಹುಲಿಗೆವ್ವ ಕಾಲೇಜಿಗೇ ಬಂದಳು.

"ಆಕಿ ಒಲ್ಲೆ ಅಂದಾಳೇನ್ರಿ ಮಾಸ್ತರ?"

"ಇಲ್ಲಮ್ಮ. ಏನೂ ಅಂದಿಲ್ಲ."

"ಒಲ್ಲೆ ಅನ್ನಾಕಿ ಇದ್ರ ಅಂದು ಬಿಡ್ತಿದ್ಲು. ಸುಮ್ನದಾಳ ಅಂದ್ರ, ಮನಿಗೆ ಬಂದು ಕೇಳ್ಲಿ ಅಂತ ಕುಂತಾಳ. ನಡೀರಿ ಹೋಗಾಣ."

ಹಾಗೆ ಹೋಗಬಾರದು, ದೊಡ್ಡ ಸಂಸ್ಥೆ, ಸಮಯ ಗೊತ್ತು ಮಾಡಿಕೊಳ್ಳಬೇಕು ಎಂದೆಲ್ಲ ಹೇಳಿದೆ. "ಬೀಗರ ಮನಿಗೆ ಹೋಗಾಕ ಸಮಯ ಕೇಳ್ತಾರೇನ್ರಿ?" ಎಂದಳು. ಕೂಡ್ಲಿಗಿಯಲ್ಲಿ ಗ್ಯಾರೇಜ್ ಇಟ್ಟಿದ್ದ ಮೆಹಬೂಬಣ್ಣ ಅವರ ಮನೆಗೆ ಬೇಕಾದವನು, ತನ್ನ ಕ್ರೂಸರ್ ಗಾಡಿ ತೊಳೆದು ನಿಲ್ಲಿಸಿಯೇಬಿಟ್ಟ. ಅಜ್ಜಿ, ಕೊಟ್ರೇಶ, ರೇಣುಕಾ ಹತ್ತಿದರು. ಇವರನ್ನೇ ಬಿಟ್ಟರೆ ಏನು ಅನಾಹುತವೋ ಎಂದು ನಾನೂ ಹತ್ತಿದೆ.

ದಾರಿಯುದ್ದಕ್ಕೂ ನನ್ನದು ಒಂದೇ ಪಾಠ. ಆ ಮೇಡಂ ಮೈಸೂರು ಕಡೆಯವರು, ನಮ್ಮ ರೀತಿ ರಿವಾಜು ಅವರಿಗೆ ತಿಳಿಯುವುದಿಲ್ಲ, "ಏನು ವಿಷಯ" ಎಂದು ಕೇಳಿದ ಕೂಡಲೇ ವಿಷಯ ಹೇಳಬೇಕು. ಎಲ್ಲರಿಂದ ಭಾಷೆ ತೆಗೆದುಕೊಂಡೆ. ಅಜ್ಜಿ ಮಾತ್ರ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು. ರೇಣುಕಾ ತುಟಿ ಅಲ್ಲಾಡಿಸುತ್ತ ಮೊದಲ ಸಾಲನ್ನು ಗಟ್ಟಿ ಮಾಡುತ್ತಿದ್ದಳು.

ಪ್ರಾಧ್ಯಾಪಕಿಯ ಕೋಣೆಯ ಬಾಗಿಲು ತಟ್ಟಿದೆವು. ಚುರುಕು ಹೆಂಗಸು, ಕತ್ತರಿಸಿದ ಕೂದಲು, ಒಂದು ಮೊಣಕಾಲಿಗೆ ಪಟ್ಟಿ. ಇಷ್ಟು ಜನರನ್ನು ನೋಡಿ ಗಾಬರಿಯಾದರೂ ತೋರಿಸಿಕೊಳ್ಳಲಿಲ್ಲ.

"ಬನ್ನಿ, ಕೂತ್ಕೊಳ್ಳಿ. ಎಲ್ಲಿಂದ ಬಂದ್ರಿ?" ಎಂದರು. ಕೂಡ್ಲಿಗಿ ಕಡೆಯಿಂದ ಎಂದು ಕೊಟ್ರೇಶ ಹೇಳಿದ. ಅವರು ರೇಣುಕಾಳ ಕಡೆ ತಿರುಗಿ, "ಏನಮ್ಮ ವಿಷಯ?" ಎಂದು ಕೇಳಿದರು.

ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? ರೇಣುಕಾ ಎದ್ದು ನಿಂತಳು. ಬಾಯಿ ತೆರೆದಳು.

"ಏನಿಲ್ರಿ ಮೇಡಂ. ಸುಮ್ನ ಬಂದ್ವಿ."

ಮೇಡಂ ನನ್ನ ಕಡೆ ನೋಡಿದರು. "ತಾವು?"

ಊರೂರು ತಿರುಗಿ ಹಾಳೆ ಅಂಟಿಸಿದವನು ನಾನು. ವಿರೂಪಾಕ್ಷನ ಮೇಲೆ ಕಿರುಚಾಡಿದವನು. ನನ್ನ ಬಾಯಿಂದ ಏನು ಬಂತು ಗೊತ್ತೇ? "ನಾನೂ ಹಿಂಗ... ಇವ್ರ ಜೊತಿಗೆ ಬಂದೆ ಮೇಡಂ."

ಪಾಪ, ಆಕೆ ನಮ್ಮ ಮಾತನ್ನು ನಂಬಿದರು. ಸುಮ್ಮನೆ ಬಂದವರು, ಊರು ನೋಡಲು ಬಂದಿರಬೇಕು ಎಂದುಕೊಂಡು, "ನನಗೀಗ ಕ್ಲಾಸಿದೆ. ನಮ್ಮ ಮ್ಯೂಸಿಯಂ ನೋಡ್ತಾ ಇರಿ, ಬಂದುಬಿಡ್ತೀನಿ" ಎಂದು ಒಬ್ಬರನ್ನು ಜೊತೆ ಮಾಡಿ ಕಳಿಸಿದರು. ನಾವು ಸಾಲಾಗಿ ಗಾಜಿನ ಪೆಟ್ಟಿಗೆಗಳ ಮಧ್ಯೆ ನಡೆದೆವು. ಒಂದು ಮೂಲೆಯಲ್ಲಿ ಹುಲ್ಲು ತುಂಬಿ ನಿಲ್ಲಿಸಿದ ಕರಡಿ. ಹುಲಿಗೆವ್ವ ಅದರೆದುರು ಸೊಂಟದ ಮೇಲೆ ಕೈಯಿಟ್ಟು ನಿಂತು, "ನಮ್ಮ ಶೇಂಗಾ ಎಲ್ಲಾ ತಿಂದು ಇಲ್ಲಿ ಬಂದು ನಿಂತೀ ಏನಲೇ?" ಎಂದಳು. ಮೆಹಬೂಬಣ್ಣ ನಕ್ಕ. ನನಗೆ ನಗು ಬರಲಿಲ್ಲ. ರೇಣುಕಾಳ ಕಣ್ಣು ತುಂಬಿತ್ತು.

"ಬಾಯಾಗ ಬಂದಿತ್ರಿ ಸರ್. ಅದ್ಹೆಂಗ ಅಂದ್ನೋ ಗೊತ್ತಾಗ್ಲಿಲ್ಲ."

"ಹೋಗ್ಲಿ ಬಿಡು. ನಾನೇನ್ ಮಾಡ್ದೆ, ನೋಡಿದ್ಯಲ್ಲ" ಎಂದೆ.

ಮೇಡಂ ತಿರುಗಿ ಬಂದರು, ಚಹಾ ತರಿಸಿದರು. ಹುಲಿಗೆವ್ವ ಅವರ ಮೊಣಕಾಲು ವಿಚಾರಿಸಿದಳು, ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಲು ಹೇಳಿದಳು. ಗುಡ್ಡ ಹತ್ತುವಾಗ ಜಾರಿ ಬಿದ್ದದ್ದನ್ನು ಮೇಡಂ ನಗುತ್ತ ಹೇಳಿದರು. ಮಳೆಯ ಮಾತಾಯಿತು. ಎಲ್ಲರ ಲೋಟ ಖಾಲಿಯಾಯಿತು. "ಬಂದಿದ್ದು ಬಹಳ ಸಂತೋಷ" ಎಂದು ಅವರು ಎದ್ದರು. ನಾವೂ ಎದ್ದೆವು. ಹೊರಗೆ ಬಿಟ್ಟ ಚಪ್ಪಲಿ ಒಬ್ಬೊಬ್ಬರಾಗಿ ಮೆಟ್ಟಿಕೊಂಡೆವು. ಹುಲಿಗೆವ್ವ ಹೊಸ್ತಿಲ ಆಚೆ ಒಂದು ಕಾಲಿಟ್ಟು, ತಿರುಗಿ ನಿಂತಳು.

"ಅಂದಂಗ ಯವ್ವಾ, ಬಂದ ಕೆಲಸ ಒಂದಿತ್ತು. ಈ ನಮ್ಮ ಹುಡುಗಿ ಕರಡಿ ಹಿಂದ ಬಿದ್ದಾಳ. ನಿನ್ನ ಕೈಯಾಗ ಕಲೀಬೇಕಂತಾಳ. ಸೀಟು ಐತೇನು?"

ಮೇಡಂ ಬೆರಗಾಗಿ ನಿಂತರು. "ಅಯ್ಯೋ, ಆಗ್ಲಿಂದ ಇಲ್ಲೇ ಇದ್ದೀರಲ್ಲ! ಬಂದ ತಕ್ಷಣ ಹೇಳಬಾರದಿತ್ತೇ ಅಜ್ಜಿ?"

"ಬಂದ ಕೂಡ್ಲೆ ಕೇಳಿ, ನೀನು ಇಲ್ಲ ಅಂದಿದ್ರ, ಆಮೇಲೆ ನಿನ್ನ ಚಾ ನಾವು ಹೆಂಗ ಕುಡೀಬೇಕಿತ್ತು? ನೀನರ ನಮ್ಮ ಮಾರಿ ಹೆಂಗ ನೋಡ್ತಿದ್ದಿ? ಈಗಾದ್ರ ನಮ್ಮ ಕಾಲಾಗ ಚಪ್ಲಿ ಅದಾವು. ಹೂಂ ಅಂದ್ರ ಒಳಗ ಬರ್ತೀವಿ. ಇಲ್ಲ ಅಂದ್ರ ಹಿಂಗ ಹೋಗಿಬಿಡ್ತೀವಿ. ನಿನಗ ಇಲ್ಲ ಅನ್ನಾಕ ತ್ರಾಸಾಗಬಾರ್ದು ನೋಡವ್ವ."

ನಾನು ಹಾಗೇ ನಿಂತುಬಿಟ್ಟೆ. ಹುಟ್ಟಿದಾಗಿನಿಂದ ಈ ರಿವಾಜಿನಲ್ಲೇ ಬೆಳೆದು, ಅರ್ಧ ಆಯುಷ್ಯ ಇದನ್ನು ಗೇಲಿ ಮಾಡಿದವನಿಗೆ, ಇದು ನಾಚಿಕೆಯಲ್ಲ, ಎದುರಿನವರ ಮೇಲಿನ ಕಾಳಜಿ ಎಂಬುದು ಹೊಳೆದೇ ಇರಲಿಲ್ಲ.

ಮೇಡಂ ರೇಣುಕಾಳ ಕಡೆ ತಿರುಗಿ, "ನೀನು ಒಳಗೆ ಬಾಮ್ಮ. ಇವರೆಲ್ಲ ಗಾಡಿಯಲ್ಲಿ ಕಾಯಲಿ" ಎಂದರು. ರೇಣುಕಾ ಚಪ್ಪಲಿ ಬಿಟ್ಟು ಒಳಗೆ ಹೋದಳು. ಬಾಗಿಲು ಮುಚ್ಚಿತು.

ನಾವು ಗಾಡಿಯಲ್ಲಿ ಕುಳಿತೆವು. ಕೊಟ್ರೇಶ ಎಲೆ ಅಡಿಕೆ ಹಾಕಿಕೊಂಡ. ಮೆಹಬೂಬಣ್ಣ ಚೆನ್ನಾಗೇ ಇದ್ದ ಟೈರುಗಳನ್ನು ಮತ್ತೆ ಮತ್ತೆ ಒದ್ದು ನೋಡಿದ. ರೇಣುಕಾ ಬಂದಳು. ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ. "ಏನಂದ್ರು?" ಎಂದು ನಾನು ಬಾಯಿ ತೆರೆಯುತ್ತಿದ್ದಂತೆ ಹುಲಿಗೆವ್ವ ಕೈ ಅಡ್ಡ ಮಾಡಿದಳು.

"ದಾರಿಯಾಗ ಬ್ಯಾಡ್ರಿ ಮಾಸ್ತರ. ಮನಿ ಮುಟ್ಟಿದ ಮ್ಯಾಲೆ ಹೇಳ್ತಾಳ. ಇಲ್ಲ ಅಂದಿದ್ರ, ಊರಿನ ತನಕ ಎಲ್ಲಾರೂ ಮಾರಿ ಇಳಿಬಿಟ್ಕೊಂಡು ಯಾಕ ಕುಂದ್ರಬೇಕು?"

ನನ್ನಂಥ ಸಿಟ್ಟಿನ ಸ್ವಭಾವದವನಿಗೆ ಆ ಪ್ರಯಾಣ ಎಂಥದ್ದು ಎಂದು ಹೇಳಲಾರೆ. ಗಾಡಿಯಲ್ಲಿ ಶೇಂಗಾದ ಮಾತು, ಗ್ಯಾರೇಜಿನ ಮಾತು, ಯಾರದೋ ಮದುವೆಯ ಮಾತು. ನಾನು ಹಲ್ಲು ಕಚ್ಚಿಕೊಂಡು ಕುಳಿತಿದ್ದೆ. ಕೊಟ್ಟೂರು ಬಂತು. ನನ್ನ ಮನೆಯ ಮುಂದೆ ಇಳಿಸಿದರು. ಗೇಟಿಗೆ ಕೈ ಹಾಕಿದೆ. ಹಿಂದಿನಿಂದ ರೇಣುಕಾ ಕಿಟಕಿಯಲ್ಲಿ ತಲೆ ಹಾಕಿ ಕರೆದಳು.

"ಅಂದಂಗ ಸರ್, ಮೇಡಂ ಹೂಂ ಅಂದ್ರು."

ನಡುಬೀದಿಯಲ್ಲಿ ನಾನು ಕೂಗಿದ ಕೂಗಿಗೆ ನಮ್ಮ ಮನೆಯವಳು ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದಳು.

ಒಳಗೆ ಏನಾಯಿತು ಎಂದು ಆಮೇಲೆ ಕೇಳಿದೆ. ಮೇಡಂ ರೇಣುಕಾಳ ಪತ್ರ ಓದಿದ್ದರಂತೆ. ಚೆನ್ನಾಗಿತ್ತಂತೆ. ಅಷ್ಟೇ ಚೆನ್ನಾಗಿರುವ ಪತ್ರಗಳು ಬಹಳ ಬಂದಿದ್ದರಿಂದ ಯಾವುದಕ್ಕೂ ಉತ್ತರ ಬರೆಯದೆ ಕುಳಿತಿದ್ದರಂತೆ. "ನೀನು ಏನು ಹೇಳಿದೆ?" ಎಂದೆ. "ಬೀರುವಿಗೆ ಹಾಳಿ ಹಚ್ಚಿದ್ರಲ್ರಿ ಸರ್, ಹಂಗ ಮಾಡಿದೆ. ಒಳಗ ಕಾಲಿಟ್ಟ ಕೂಡ್ಲೆ ಕೇಳಿಬಿಟ್ಟೆ. ಮೇಡಂಗ ಇಲ್ಲ ಅನ್ನಾಕ ಅಜ್ಜಿ ದಾರಿ ಮಾಡಿಕೊಟ್ಟಿದ್ಲು. ಹಂಗಾಗಿ ನನಗೂ ಕೇಳಾಕ ಧೈರ್ಯ ಬಂತು." ಆಮೇಲೆ ಇಬ್ಬರೂ ಕರಡಿ ಏನು ತಿನ್ನುತ್ತದೆ ಎಂದು ಮಾತಾಡಿದರಂತೆ. ಹಣ್ಣಿನ ಕಾಲದಲ್ಲಿ ಮೇಡಂ ಆ ಗುಡ್ಡ ನೋಡಲು ಬಂದರು. ಹುಲಿಗೆವ್ವನ ಮನೆಯಲ್ಲಿ ಉಳಿದು, ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಂಡು ಹೋದರು.

ಮಂಜುನಾಥ, ಇದರಿಂದ ನೀನು ಏನು ಕಲಿಯಬೇಕು ಎಂದು ಕೇಳಿದರೆ ಎರಡು ಮಾತು ಹೇಳುತ್ತೇನೆ. ಪತ್ರದಲ್ಲಿ ಬಂದ ಕೆಲಸ ಮೊದಲ ಸಾಲಿನಲ್ಲೇ ಇರಲಿ, ಅದನ್ನು ಬಿಡಬೇಡ. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ, ಬೇಕಾದರೆ ಒಯ್ಯಿ. ಆದರೆ ಹೇಳಲಾರದೆ ಬಾಗಿಲ ತನಕ ಬಂದು ನಿಂತ ಮಕ್ಕಳ ಮೇಲೆ ನನ್ನ ಹಾಗೆ ಕಿರುಚಾಡಬೇಡ. ಇನ್ನೊಂದು ಲೋಟ ಚಹಾ ಕೊಡು.

ರೇಣುಕಾ ಈಗ ಅದೇ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಹೊಸದಾಗಿ ಸೇರಬಯಸುವವರ ಪತ್ರಗಳನ್ನು ಮೊದಲು ಓದಿ ಬೇರ್ಪಡಿಸುವ ಕೆಲಸವನ್ನು ಮೇಡಂ ಅವಳಿಗೇ ವಹಿಸಿದ್ದಾರೆ. ಹೋದ ತಿಂಗಳು ಫೋನ್ ಮಾಡಿ ಬಿದ್ದು ಬಿದ್ದು ನಗುತ್ತಿದ್ದಳು. ಮೈಲಾರದ ಕಡೆಯ ಹುಡುಗನೊಬ್ಬನ ಮೇಲ್ ಬಂದಿತ್ತಂತೆ. ಮೇಡಂ ಆರೋಗ್ಯವಾಗಿದ್ದಾರೆಯೇ, ನಿಮ್ಮ ಕಡೆ ಮಳೆ ಹೇಗೆ, ನಮ್ಮಲ್ಲಿ ಹೊಳೆಗೆ ನೀರು ಬಂದಿದೆ, ಮನೆಯಲ್ಲಿ ಎಲ್ಲರೂ ಕ್ಷೇಮ, ಇಂತಿ ನಮಸ್ಕಾರಗಳು. ಕೆಲಸದ ಸುದ್ದಿಯೇ ಇಲ್ಲ.

"ಕಸದ ಬುಟ್ಟಿಗೆ ಹಾಕ್ಲಿಲ್ಲ ತಾನೇ?" ಎಂದು ನಾನು ಗಾಬರಿಯಿಂದ ಕೇಳಿದೆ.

"ಹೆಂಗ ಹಾಕ್ಲ್ರಿ ಸರ್? ಉತ್ತರ ಬರದೆ. ಓದ್ತೀನಿ ಕೇಳ್ರಿ" ಎಂದಳು. "ತಮ್ಮಾ, ಮೇಡಂ ಆರಾಮ ಅದಾರ. ಮೊಣಕಾಲು ಈಗ ವಾಸಿ. ಇಲ್ಲೂ ಮಳಿ ಆಗೇತಿ. ನಿಮ್ಮ ಹೊಳಿಗೆ ನೀರು ಬಂದಿದ್ದು ಕೇಳಿ ಭಾಳ ಸಂತೋಷಾತು. ಚಾ ಕುಡದಂಗಾತಲ್ಲ? ಈಗ ಎದ್ದು, ಚಪ್ಲಿ ಮೆಟ್ಟಿಕೊಂಡು, ಬಂದ ಕೆಲಸ ಹೇಳು."

ಮರುದಿನವೇ ಅವನ ಉತ್ತರ ಬಂತಂತೆ. "ಅಂದಂಗ ಅಕ್ಕಾರ" ಎಂದು ಶುರುವಾಗಿತ್ತಂತೆ.